ಐದು ಪುಟದ ಹಾಡು ಮೂರು ಪುಟಕ್ಕೆ ಇಳಿದದ್ದು

ದಾಂಡೇಲಿಯ ಅಂಬೇವಾಡಿಯಲ್ಲಿ ಸುಗರಾ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಕಂಪ್ಯೂಟರ್ ಸುಗರಾ’ ಎನ್ನಬೇಕು. ಸಾತಪ್ಪನ ಡಿಟಿಪಿ ಅಂಗಡಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕೂತು, ಜಾತಿ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆ, ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡಿನ ಅಕ್ಷರ, ಇವನ್ನೆಲ್ಲ ಬಡಿದು ಕೊಡುವ ಹೆಂಗಸು. ಹತ್ತೊಂಬತ್ತಕ್ಕೆ ಹಳಿಯಾಳದ ಒಬ್ಬ ಗ್ಯಾರೇಜಿನವನಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದು ವಾಪಸು ಬಂದಳು. ಯಾಕೆ ಬಂದೆ ಎಂದು ಓಣಿಯೆಲ್ಲ ಕೇಳಿತು, ಅಪ್ಪ ಅಮೀರಸಾಬ ಕೇಳಲಿಲ್ಲ. ‘ಚಾ ಕುಡಿ’ ಅಂದ, ಅಷ್ಟೇ.

ಆ ಅಮೀರಸಾಬನ ಬಗ್ಗೆ ಮೊದಲು ನಾಲ್ಕು ಮಾತು ಹೇಳಬೇಕು. ಹೊಟ್ಟೆಪಾಡಿಗೆ ಆತ ಕಾರ್ಖಾನೆಯ ಪಾಳಿ ಮಾಡಿದ. ಜೀವ ಇದ್ದದ್ದು ಮಾತ್ರ ಕ್ಲಾರಿನೆಟ್ಟಿನಲ್ಲಿ. ಹಳಿಯಾಳದ ಒಂದು ಬ್ಯಾಂಡ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಊದಿದ. ಮದುವೆಯ ಮೆರವಣಿಗೆ, ಗಣಪತಿ ಬಿಡುವುದು, ಉರುಸು, ಕ್ರಿಶ್ಚನ್ನರ ಮಣ್ಣು, ಯಾರ ಮನೆಯದ್ದೇ ಇರಲಿ, ಕೆಂಪು ಕೋಟು ಒಂದೇ. ಬ್ಯಾಂಡಿನ ಉಳಿದವರು ಕಿವಿಯಿಂದ ಕಲಿತವರು. ಅಮೀರಸಾಬನೊಬ್ಬನಿಗೆ ಐದು ಗೆರೆಯ ಮೇಲೆ ಸ್ವರ ಬರೆದಿದ್ದನ್ನು ಓದಲು ಬರುತ್ತಿತ್ತು; ಬೆಳಗಾವಿಯಲ್ಲಿ ಪಲ್ಟಣದ ಬ್ಯಾಂಡಿನಿಂದ ನಿವೃತ್ತನಾದ ಒಬ್ಬ ಮುದುಕನ ಮನೆ ಕಸ ಹೊಡೆದು ಕಲಿತ ವಿದ್ಯೆ ಅದು. ಐದು ಬಾಲ್‌ಪೆನ್ನಿನ ರಿಫಿಲ್ಲನ್ನು ಒಂದು ಕಟ್ಟಿಗೆ ಪಟ್ಟಿಗೆ ಬಿಗಿದು, ಒಂದೇ ಎಳೆತಕ್ಕೆ ಐದೂ ಗೆರೆ ಬೀಳುವ ಹಾಗೆ ಮಾಡಿಕೊಂಡಿದ್ದ. ಬ್ಯಾಂಡಿನ ಹಾಡು ಬರೆದಿಡುವ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವ ಕೆಲಸ ಏಳು ವರ್ಷದ ಸುಗರಾಳದ್ದು.

‘ಮ್ಯಾಲಿನ ಸಾಲು ಕ್ಲಾರಿನೆಟ್ಟಿಂದು, ಕೆಳಗಿಂದು ಕಾರ್ನೆಟ್ಟಿಂದು. ಎರಡೂ ಜೋಡಿ, ಬೇಟಾ. ಒಂದ ಟೈಮಿಗೆ ಊದೂದು. ಜೋಡಿ ಒಳಗ ಒಂದು ಬೆರಳು ಜಾಗ ಬಿಡು. ಆ ಜೋಡಿ ಮುಗದು ಮುಂದಿನ ಜೋಡಿ ಶುರು ಆಗೂಮುಂದ ಎರಡು ಬೆರಳು ಬಿಡು.’

‘ಎಲ್ಲಾ ಕಡೆ ಒಂದ ಬೆರಳು ಬಿಟ್ರ ಏನಾಗ್ತೈತಿ ಅಬ್ಬಾ?’

‘ಏನಾಗ್ತೈತಿ? ಓದೂ ಮನಷ್ಯಾಗ ಯಾರು ಯಾರ ಜೋಡಿ ಅಂತ ತಿಳಿಯಂಗಿಲ್ಲ. ಮ್ಯಾಲಿಂದು ಊದಿ ಮುಗಿಸಿ ಕೆಳಗಿಂದು ಊದತಾನ. ಕೂಡಿ ಊದೂದು ಹೋಗಿ ಸರತಿ ಸಾಲು ಆಕ್ಕೈತಿ, ರೇಶನ್ ಅಂಗಡಿ ಮುಂದ ನಿಂತಂಗ.’

ಹುಡುಗಿ ನಕ್ಕಳು. ಆದರೆ ಬೆರಳು ಅಳೆದೇ ಗೆರೆ ಎಳೆದಳು, ಹದಿನೈದು ವರ್ಷ ತುಂಬುವವರೆಗೆ.

ಅಮೀರಸಾಬನಿಗೆ ದಮ್ಮು ಹತ್ತಿ ಕ್ಲಾರಿನೆಟ್ಟು ಗೂಟಕ್ಕೆ ಏರಿತು. ಬ್ಯಾಂಡಿಗೆ ಕೀಬೋರ್ಡು ಬಂತು, ನೋಟ್‌ಬುಕ್ಕು ಬೇಡವಾದವು. ಅಪ್ಪನ ವಿದ್ಯೆ ಮಗಳ ತಲೆಯಲ್ಲಿ ಸುಮ್ಮನೆ ಕೂತುಕೊಂಡಿತು. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಸಾತಪ್ಪ ಹುಬ್ಬಳ್ಳಿಯಿಂದ ತಂದ ಸಿ.ಡಿ.ಗಳ ರಾಶಿಯಲ್ಲಿ ಸಂಗೀತ ಅಚ್ಚು ಜೋಡಿಸುವ ಒಂದು ಸಾಫ್ಟ್‌ವೇರ್ ಇತ್ತು. ಅದರಲ್ಲಿ ಚಿತ್ರ ಒತ್ತಿ ಆಡಿಸುವ ಬೊಂಬೆಯಾಟವಿಲ್ಲ. ಸ್ವರವನ್ನು ಅಕ್ಷರದಲ್ಲಿ ಬರೆದು ಕೊಡಬೇಕು, ಅದು ತಾನೇ ಗೆರೆ ಎಳೆದು ಸ್ವರ ಕೂರಿಸಿ ಪುಟ ಮಾಡಿ ಕೊಡುತ್ತದೆ. ಸಾತಪ್ಪ, ‘ಇದರಾಗ ಲಗ್ನಪತ್ರಿಕಿ ಆಗೂದಿಲ್ಲ, ತಗದು ಒಗಿ’ ಎಂದ. ಸುಗರಾ ಒಗೆಯಲಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅಪ್ಪನ ಹಳೆಯ ನೋಟ್‌ಬುಕ್ಕು ಇಟ್ಟುಕೊಂಡು ಒಂದೊಂದಾಗಿ ಬರೆದು ನೋಡಿದಳು. ಅದರೊಳಗೆ ಒಂದು ಕಡೆ ಆಕೆಗೆ ಅಂಕಿಗಳು ಸಿಕ್ಕವು: ಜೋಡಿಯೊಳಗಿನ ಎರಡು ಸಾಲಿನ ನಡುವೆ ಎಷ್ಟು ಅಂತರ, ಜೋಡಿಗೂ ಜೋಡಿಗೂ ನಡುವೆ ಎಷ್ಟು. ಎರಡಕ್ಕೂ ಬೇರೆ ಬೇರೆ ಅಂಕಿ. ಸುಗರಾ ಕುರ್ಚಿಯಿಂದ ಎದ್ದೇಬಿಟ್ಟಳು. ಯಾವ ದೇಶದ ಯಾವ ಪುಣ್ಯಾತ್ಮ ಮಾಡಿದನೋ, ಅವನಿಗೂ ಅಬ್ಬಾನ ಬೆರಳಿನ ಲೆಕ್ಕ ಗೊತ್ತಿದೆಯಲ್ಲ!

ಇಂಥ ಹೆಂಗಸು ಅಂಬೇವಾಡಿಯಲ್ಲಿ ಇದ್ದಾಳೆ ಎಂಬ ಸುದ್ದಿ ಮಾಲತೇಶ ಸರ್ ಕಿವಿಗೆ ಬಿತ್ತು. ಮಾಲತೇಶ ಸರ್ ಎಂದರೆ ಒಂದು ಜಾನಪದ ಸಮಿತಿಯ ಕಾರ್ಯದರ್ಶಿ. ಹೆಗಲಿಗೆ ಜೋಳಿಗೆ, ಬಾಯಲ್ಲಿ ‘ನಮ್ಮ ನೆಲಮೂಲ ಸಂಸ್ಕೃತಿ’. ಇಂಥವರನ್ನು ನೀವೂ ನೋಡಿದ್ದೀರಿ. ಲಂಬಾಣಿ ತಾಂಡಾದ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಲು ಸಮಿತಿಗೆ ಅನುದಾನ ಬಂದಿತ್ತು. ಸ್ವರಲಿಪಿ ಐದು ಗೆರೆಯಲ್ಲೇ ಇರಬೇಕು, ಹೊರದೇಶದವರೂ ಓದಬೇಕು ಎಂಬುದು ಅವರ ಹಟ. ಮುಂಡಗೋಡ ಕಡೆಯ ಒಂದು ತಾಂಡಾಕ್ಕೆ ಟೇಪ್ ರೆಕಾರ್ಡರ್ ಹೊತ್ತು ಹೋಗಿ ಗೋಪಿಬಾಯಿ ಎಂಬ ಹೆಂಗಸಿನಿಂದ ಹಾಡಿಸಿಕೊಂಡು ಬಂದರು. ಬರೆಯುವ ಕೆಲಸ ಸುಗರಾಳಿಗೆ ಬಂತು.

ಆ ಕ್ಯಾಸೆಟ್ಟಿನಲ್ಲಿ ಇದ್ದ ಹಾಡುಗಳಲ್ಲಿ ಒಂದು ಢಾವಲೋ. ಲಂಬಾಣಿಗರಲ್ಲಿ ಮದುವೆಯಾದ ಹುಡುಗಿ ತವರು ಬಿಡುವಾಗ ತಾಯಿಯ ಕೊರಳಿಗೆ ಬಿದ್ದು ಅಳುತ್ತ ಹಾಡುವ ಹಾಡು. ಇದನ್ನು ಕಲಿಸಿದವರಿಲ್ಲ, ಕಲಿತವರಿಲ್ಲ. ಹೆಗಲ ಮೇಲೆ ತಲೆಯಿಟ್ಟು ಮಗಳು ಅವಳದ್ದು ಅವಳು ಹಾಡುತ್ತಾಳೆ: ನಾಳೆಯಿಂದ ನಿನ್ನ ನೀರಿನ ಕೊಡ ಯಾರು ಹೊರುತ್ತಾರೆ. ತಾಯಿ ಅದೇ ಹೊತ್ತಿಗೆ ತನ್ನದು ತಾನು ಹಾಡುತ್ತಾಳೆ: ಹೆಣ್ಣನ್ನು ಯಾಕಾದರೂ ಹೆತ್ತೆ. ಒಬ್ಬರಿಗಾಗಿ ಒಬ್ಬರು ನಿಲ್ಲುವುದಿಲ್ಲ. ಕ್ಯಾಸೆಟ್ಟಿನಲ್ಲಿ ತಾಯಿ ಗೋಪಿಬಾಯಿ, ಮಗಳು ಆಕೆಯ ಹೊಟ್ಟೆಯಲ್ಲೇ ಹುಟ್ಟಿದ ದುರ್ಗಾ. ಇನ್ನೂ ಮದುವೆಯಾಗದ ಹುಡುಗಿ, ಸರ್ ಸಲುವಾಗಿ ಮದುಮಗಳ ಹಾಗೆ ಅತ್ತಿದ್ದಳು.

ಅಲ್ಲೊಂದು ವಿಷಯ ಇತ್ತು. ಮದುವೆ ಇಲ್ಲದ ಮನೆಯಲ್ಲಿ ಢಾವಲೋ ಹಾಡಬಾರದು ಎಂದು ಗೋಪಿಬಾಯಿಯ ತಾಂಡಾದಲ್ಲಿ ಒಂದು ಕಟ್ಟಳೆ. ಹಾಡಿದರೆ ಮನೆಯ ಹೆಣ್ಣು ಹೊರಟೇ ಹೋಗುತ್ತದಂತೆ. ಗೋಪಿಬಾಯಿ ಎರಡು ಸಲ ಒಲ್ಲೆ ಎಂದಿದ್ದಳು. ಮಾಲತೇಶ ಸರ್, ‘ಮೂಢನಂಬಿಕಿ ಬಿಡವಾ, ಸಂಸ್ಕೃತಿ ಉಳಿಬೇಕು’ ಎಂದು ಒಪ್ಪಿಸಿದರು. ಎರಡು ತಿಂಗಳಿಗೆ ದುರ್ಗಾಗೆ ಕಾಮಾಲೆ ಬಂತು. ಗಿಡಮೂಲಿಕೆ ಕೊಟ್ಟರು, ಹನ್ನೊಂದನೆಯ ದಿನ ಆಸ್ಪತ್ರೆಗೆ ಒಯ್ಯುವಾಗ ಜೀಪಿನಲ್ಲೇ ಹೋದಳು. ಕಾಮಾಲೆಗೂ ಹಾಡಿಗೂ ಸಂಬಂಧವಿಲ್ಲ ಎಂದು ನಾನೂ ಬಲ್ಲೆ, ನೀವೂ ಬಲ್ಲಿರಿ. ಆದರೆ ನೀರಿಗೆ ಹೋದಲ್ಲಿ, ಕೂಲಿಗೆ ಹೋದಲ್ಲಿ, ‘ಟೇಪಿನ ಮುಂದ ಮಗಳನ್ನ ಕಳಿಸಿಕೊಟ್ಟಾಕಿ’ ಎಂದು ಅನ್ನಿಸಿಕೊಂಡವಳು ಆ ತಾಯಿ. ಒಪ್ಪಿಸಿದವರಿಗೆ ಯಾರೂ ಏನೂ ಅನ್ನಲಿಲ್ಲ.

ಸುಗರಾ ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ಮೂರು ವಾರ ಬರೆದಳು. ಅಮೀರಸಾಬ ಹೊರಸಿನ ಮೇಲೆ ಕೂತು ಕಿವಿಗೊಟ್ಟು, ‘ಇಲ್ಲಿ ತಾಯಿ ಧ್ವನಿ ಮೊದಲ ಬರ್ತೈತಿ ನೋಡು, ಅರ್ಧ ಮಾತ್ರೆ’ ಎಂದು ತಿದ್ದುತ್ತಿದ್ದ. ಢಾವಲೋ ಒಂದೇ ಐದು ಪುಟ ಆಯಿತು. ಮೇಲಿನ ಸಾಲು ದುರ್ಗಾಳದ್ದು, ಕೆಳಗಿನದು ಗೋಪಿಬಾಯಿಯದ್ದು, ಪ್ರತಿ ಸಾಲಿನ ಅಡಿಗೆ ಮಾತು. ಕ್ಯಾಸೆಟ್ಟನ್ನು ಸುಗರಾ ಬಟ್ಟೆಯಲ್ಲಿ ಒರೆಸಿ, ಡಬ್ಬಿಯಲ್ಲಿ ಹಾಕಿ, ಸರ್‌ಗೆ ವಾಪಸು ಕೊಟ್ಟಳು. ಒಂದು ನಕಲು ಮಾಡಿ ಇಟ್ಟುಕೊಳ್ಳಬೇಕೆಂದು ಆಕೆಗೆ ಹೊಳೆಯಲಿಲ್ಲ. ಮಂದಿಯ ಸೊತ್ತು ಮಂದಿಗೆ ಕೊಡಬೇಕು ಎಂದು ಬೆಳೆದವಳು.

ಬರೆದದ್ದು ಸರಿ ಇದೆಯೋ ಇಲ್ಲವೋ ಎಂದು ಕೇಳಲು ಎರಡು ಬಸ್ಸು ಬದಲಿಸಿ ತಾಂಡಾಕ್ಕೆ ಹೋದಾಗಲೇ ಆಕೆಗೆ ದುರ್ಗಾ ಸತ್ತದ್ದು ಗೊತ್ತಾದದ್ದು. ಗೋಪಿಬಾಯಿ ಕಾಗದಗಳನ್ನು ಮುಟ್ಟಿ ನೋಡಿದಳು.

‘ಇದರಾಗ ನನ್ನ ಹುಡುಗಿ ಅದಾಳೇನವಾ?’

‘ಅದಾಳ. ಮ್ಯಾಲಿನ ಸಾಲು ಆಕಿದು. ಕೆಳಗಿಂದು ನಿಂದು.’

‘ಕೂಡೇ ಅದೀವಿ?’

‘ಕೂಡೇ ಅದೀರಿ.’

‘ಹಂಗ ಇರ್ಲಿ. ಟೇಪಿನಾಗ ನಾ ಕೇಳೂದಿಲ್ಲ, ಎದಿ ಒಡಿತೈತಿ. ಇನ್ನ ನಾ ಹಾಡಾಕಿನೂ ಅಲ್ಲ, ಸಾಯೂತನ. ಕಾಗದದಾಗರ ಇಬ್ರೂ ಕೂಡೇ ಇರ್ಲಿ. ಒಬ್ಬಾಕಿ ನಿಲ್ಲಿಸಿದ ಮ್ಯಾಲ ಒಬ್ಬಾಕಿ ಹಾಡಿದ್ರ ಅದು ಅಳು ಅಲ್ಲ, ನಾಟಕ.’

ಸುಗರಾ ಮಾತು ಕೊಟ್ಟಳು. ಅಲ್ಲಿಂದ ಬಂದು ಸರ್‌ಗೆ ಫೋನು ಮಾಡಿ, ಆ ಕ್ಯಾಸೆಟ್ಟು ಜ್ವಾಪಾನ ಇಡ್ರಿ ಸರ, ಆ ಹುಡುಗಿ ಇಲ್ಲ ಈಗ, ಎಂದಳು. ಸರ್ ತಡವರಿಸಿದರು. ‘ಅಯ್ಯ, ಅದರ ಮ್ಯಾಲ ಸಾಹೇಬ್ರ ಭಾಷಣ ರೆಕಾರ್ಡ್ ಮಾಡಿಬಿಟ್ಟಾರ ನಮ್ಮ ಹುಡುಗರು. ಹೊಸಾ ಕ್ಯಾಸೆಟ್ ಇರಲಿಲ್ಲ ನೋಡವಾ ಅವತ್ತು.’

ಯಾವ ಸಾಹೇಬರು, ಏನು ಮಾತಾಡಿದರು, ಯಾರಿಗೂ ನೆನಪಿಲ್ಲ. ಅದರ ಅಡಿಯಲ್ಲಿ ಒಬ್ಬ ಹುಡುಗಿಯ ಧ್ವನಿ ಮುಚ್ಚಿಹೋಯಿತು. ಇನ್ನು ಉಳಿದದ್ದು ಸುಗರಾ ಬರೆದ ಐದು ಪುಟ.

ಪುಸ್ತಕದ ಕೆಲಸ ಮುಗಿಯುತ್ತ ಬಂದಾಗ ಮಾಲತೇಶ ಸರ್ ಸಾತಪ್ಪನ ಅಂಗಡಿಗೆ ಬಂದು ಕೂತರು. ಪುಸ್ತಕ ಅರವತ್ನಾಲ್ಕು ಪುಟ ದಾಟಬಾರದು. ಹದಿನಾರು ಪುಟಕ್ಕೊಂದು ಫಾರ್ಮು, ನಾಲ್ಕೇ ಫಾರ್ಮಿಗೆ ಮಂಜೂರು. ಆದರೆ ಮುಂದೆ ಹನ್ನೊಂದು ಪುಟ ಶುಭಸಂದೇಶ ಸೇರಿತ್ತು. ಒಬ್ಬೊಬ್ಬರದೂ ಫೋಟೋ, ಅಡಿಯಲ್ಲಿ ಸಹಿ, ಮೇಲೆ ಲಾಂಛನ, ಪುಟದ ಮುಕ್ಕಾಲು ಪಾಲು ಬಿಳಿ ಜಾಗ.

‘ಹಾಡಿನ ಪುಟ ಕಡಿಮಿ ಮಾಡಬೇಕು ಸುಗರಾ. ಢಾವಲೋ ಐದು ಪುಟ ಐತಿ, ಮೂರಕ್ಕ ತರು.’

‘ಸರ, ಸಂದೇಶದಾಗ ಇಬ್ಬಿಬ್ಬರನ್ನ ಒಂದ ಪುಟಕ್ಕ ಕೂಡ್ರಿಸಿದ್ರ ಆಗ್ತೈತಲ್ರಿ.’

‘ಅವರನ್ನ ಕೂಡ್ರಿಸಾಕ ಆಗ್ತೈತೇನವಾ? ಒಬ್ರ ಮಾರಿ ಒಬ್ರು ನೋಡಂಗಿಲ್ಲ!’ ಎಂದು ತಮ್ಮ ಜೋಕಿಗೆ ತಾವೇ ನಕ್ಕರು ಸರ್. ನಗು ಮುಗಿಸಿ ಹೇಳಿದರು, ‘ಮೂರಕ್ಕ ಬರಲಿಲ್ಲ ಅಂದ್ರ ಆ ಹಾಡು ಬಿಟ್ಟಬಿಡೂಣು. ಉಳಿದಾವು ಅದಾವಲ್ಲ.’

ಸುಗರಾ ಎರಡು ದಿನ ಆ ಅಂಕಿಗಳ ಜೊತೆ ಗುದ್ದಾಡಿದಳು. ಗೆರೆಯ ಗಾತ್ರ ಇಳಿಸಿದಳು, ಮಾತಿನ ಅಕ್ಷರ ಇಳಿಸಿದಳು, ಎಡಕ್ಕೆ ಬಲಕ್ಕೆ ಅಂಚು ಕಡಿದಳು. ನಾಲ್ಕು ಪುಟಕ್ಕೆ ಬಂತು. ಜೋಡಿಯೊಳಗಿನ ಅಂತರ ಇಳಿಸಲು ನೋಡಿದರೆ ದುರ್ಗಾಳ ಮಾತು ಗೋಪಿಬಾಯಿಯ ಸ್ವರದ ಮೇಲೆ ಹತ್ತಿ ಕೂತಿತು, ಎರಡೂ ಓದಲು ಬರದ ಹಾಗೆ. ಅಲ್ಲಿ ಕೈ ಇಡುವಂತಿಲ್ಲ. ಉಳಿದದ್ದು ಒಂದೇ, ಜೋಡಿಗೂ ಜೋಡಿಗೂ ನಡುವಿನ ಜಾಗ. ಹದಿನೆಂಟು ಇದ್ದದ್ದನ್ನು ಹದಿನೈದು ಮಾಡಿದಳು, ಹದಿಮೂರು ಮಾಡಿದಳು. ಒಂಬತ್ತಕ್ಕೆ ತಂದಾಗ ಮೂರು ಪುಟ ಆಯಿತು. ಜೋಡಿಯೊಳಗಿನ ಅಂತರವೂ ಒಂಬತ್ತೇ.

ಪರದೆಯ ಮೇಲೆ ನೋಡಿದಳು. ಜಮಖಾನದ ಪಟ್ಟೆಯ ಹಾಗೆ ಒಂದರ ಕೆಳಗೆ ಒಂದು, ಸಮಸಮ ಸಾಲು. ಎಡಗಡೆ ಮಾತ್ರ ಪ್ರತಿ ಜೋಡಿಯನ್ನೂ ಹಿಡಿದು ಕಟ್ಟುವ ಒಂದು ನಿಂತ ಗೀರು ಇತ್ತು. ‘ಅದು ಐತಲ್ಲ, ತಿಳಿತೈತಿ’ ಎಂದು ತನಗೆ ತಾನೇ ಹೇಳಿಕೊಂಡಳು.

ಪ್ರೂಫ್ ಮನೆಗೆ ಒಯ್ದು ಅಪ್ಪನಿಗೆ ತೋರಿಸಬಹುದಿತ್ತು. ತೋರಿಸಲಿಲ್ಲ. ದಮ್ಮು ಜೋರಾಗಿದೆ, ಯಾಕೆ ತ್ರಾಸು ಕೊಡಲಿ ಎಂದು ತಾನೇ ಹೇಳಿಕೊಂಡ ನೆಪ. ನಿಜ ಏನೆಂದರೆ, ತೋರಿಸಿದರೆ ಆತ ಎರಡು ಬೆರಳು ಇಟ್ಟು ಅಳೆಯುತ್ತಾನೆ ಎಂದು ಆಕೆಗೆ ಗೊತ್ತಿತ್ತು. ಅಳೆದ ಮೇಲೆ ಹಾಡು ಪುಸ್ತಕದಿಂದ ಹೊರಗೆ. ಹೊರಗೆ ಹೋಗುವುದಕ್ಕಿಂತ ಇಕ್ಕಟ್ಟಿನಲ್ಲಾದರೂ ಇರಲಿ ಅನ್ನಿಸಿತು. ಬಡವರ ಹತ್ತಿರ ಯಾವಾಗಲೂ ಇಂಥ ಎರಡೇ ದಾರಿ ಇಟ್ಟು, ಆರಿಸಿಕೊ ಎನ್ನುತ್ತಾರೆ. ಆರಿಸಿಕೊಂಡ ಮೇಲೆ ತಪ್ಪು ಆರಿಸಿಕೊಂಡವರದ್ದು.

ಅಚ್ಚಾಗಿ ಬಂದ ಪುಸ್ತಕವನ್ನು ಆಕೆ ಅಪ್ಪನ ಕೈಗೆ ಕೊಟ್ಟಳು. ಅಮೀರಸಾಬ ಕನ್ನಡಕ ಏರಿಸಿ ಢಾವಲೋ ಪುಟ ತೆಗೆದ. ದುಪ್ಪಟಿಯ ಮೇಲೆ ಬೆರಳು ಕ್ಲಾರಿನೆಟ್ಟಿನ ತೂತು ಒತ್ತಿದ ಹಾಗೆ ಆಡತೊಡಗಿದವು. ಮೆಲ್ಲಗೆ ಗುನುಗಿದ. ಮೊದಲನೆಯ ಸಾಲು ಮುಗಿಯಿತು. ಉಸಿರು ತೆಗೆದುಕೊಂಡು ಎರಡನೆಯ ಸಾಲಿಗೆ ಇಳಿದ, ಆಮೇಲೆ ಮೂರನೆಯದಕ್ಕೆ. ಸುಗರಾ ಹತ್ತಿರ ಬಗ್ಗಿ ನೋಡಿದಳು. ಮೂರು ವಾರ ದಿನಾಲೂ ಆ ಎರಡು ಧ್ವನಿ ಕೇಳಿದ ಮನುಷ್ಯ, ಜೋಡಿ ಎಂದರೇನು ಎಂದು ತನಗೆ ಕಲಿಸಿದ ಮನುಷ್ಯ, ಅವನೇ ಸರತಿ ಸಾಲಿನಲ್ಲಿ ಓದುತ್ತಿದ್ದಾನೆ.

‘ಅಬ್ಬಾ, ಅದು ಜೋಡಿ.’

ಅಮೀರಸಾಬ ಪುಸ್ತಕ ಕಣ್ಣ ಹತ್ತಿರ ತಂದ. ‘ಎಲ್ಲೈತಿ ಜೋಡಿ? ಕಟ್ಟೂ ಗೀರು ಎಲ್ಲಿ?’

ಗೀರು ಬಲಪುಟಗಳಲ್ಲಿ ಹೊಲಿಗೆಯೊಳಗೆ ಸೇರಿಹೋಗಿತ್ತು, ಎಡಪುಟದಲ್ಲಿ ಅಂಚು ಕತ್ತರಿಸುವಾಗ ಹೋಗಿತ್ತು. ಸುಗರಾ ಎಡಕ್ಕೆ ಕಡಿದಿದ್ದ ಅಂಚನ್ನು ಬೈಂಡಿಂಗಿನವನು ಇನ್ನಷ್ಟು ಒಳಗೆ ತೆಗೆದುಕೊಂಡು ಪಿನ್ನು ಹೊಡೆದಿದ್ದ. ಬಲಪುಟದ್ದು ಬೆನ್ನು ಮುರಿದು ಅಗಲಿಸಿದರೆ ಮಾತ್ರ ಕಾಣುತ್ತಿತ್ತು.

ಅಮೀರಸಾಬ ಬೈಯಲಿಲ್ಲ. ಪುಸ್ತಕ ಮಡಚಿ ದಿಂಬಿನ ಪಕ್ಕ ಇಟ್ಟು, ಗೋಡೆಯ ಕಡೆ ತಿರುಗಿ ಮಲಗಿದ. ಬೈದಿದ್ದರೆ ಚೆನ್ನಾಗಿತ್ತು.

ಬಿಡುಗಡೆ ಸಮಾರಂಭ ಹಳಿಯಾಳದಲ್ಲಿ, ಮರುದಿನವೇ. ಸುಗರಾ ಓಡೋಡಿ ಹೋಗಿ ಮಾಲತೇಶ ಸರ್ ಅವರನ್ನು ವೇದಿಕೆಯ ಹಿಂದೆ ಹಿಡಿದಳು. ಕಾಲೇಜಿನ ಇಬ್ಬರು ಹುಡುಗಿಯರು ಪುಸ್ತಕ ನೋಡಿ ಢಾವಲೋ ಹಾಡುವವರಿದ್ದರು, ವಾರದ ಹಿಂದೆಯೇ ಪುಸ್ತಕ ತರಿಸಿಕೊಂಡಿದ್ದ ಸಂಗೀತದ ಮಾಸ್ತರರು ಸ್ವರಲಿಪಿ ಓದಿ ಕಲಿಸಿದ್ದರು.

‘ಸರ, ಹಾಡು ಬ್ಯಾರೆ ಆಗೇತಿ. ಅವರಿಗೆ ಹೇಳ್ರಿ, ಇಬ್ರೂ ಕೂಡೇ ಹಾಡಬೇಕು.’

‘ಈಗ ಏನ್ ಹೇಳೂದವಾ? ಪ್ರಾಕ್ಟೀಸ್ ಆಗೇತಿ, ಚಲೋ ಬಂದೈತಿ. ಯಾರಿಗೆ ಗೊತ್ತಾಗ್ತೈತಿ?’

‘ಗೋಪಿಬಾಯಿಗೆ ಗೊತ್ತಾಗ್ತೈತ್ರಿ.’

‘ಆಕಿಗೆ ಶಾಲು ಹೊಚ್ಚಾಕ ಕರೆಸೀವಿ. ಸುಮ್ನ ಕೂತಿರ್ತಾಳ.’

ಗೋಪಿಬಾಯಿ ಮುಂದಿನ ಸಾಲಿನಲ್ಲಿ ಸುಮ್ಮನೇ ಕೂತಿದ್ದಳು. ಹೊಸ ಶಾಲು ಮಡಿಲಲ್ಲಿ. ಹುಡುಗಿಯರು ಬಂದರು. ಮದುಮಗಳಾದವಳು ಒಂದು ಸಾಲು ಹಾಡಿದಳು, ಕೈಕಟ್ಟಿ ನಿಂತಳು. ತಾಯಿಯಾದವಳು ಒಂದು ಸಾಲು ಹಾಡಿದಳು, ಕೈಕಟ್ಟಿ ನಿಂತಳು. ಮತ್ತೆ ಮದುಮಗಳು. ಇಂಪಾಗಿತ್ತು, ಶ್ರುತಿಬದ್ಧವಾಗಿತ್ತು, ಎರಡು ಗಿಣಿ ಪಂಜರದಲ್ಲಿ ಮಾತಾಡಿದ ಹಾಗಿತ್ತು. ಜನ ಚಪ್ಪಾಳೆ ಹೊಡೆದರು. ಅಧ್ಯಕ್ಷತೆ ವಹಿಸಿದವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡದ್ದು ಮರುದಿನದ ಪತ್ರಿಕೆಯಲ್ಲೂ ಬಂತು.

ಗೋಪಿಬಾಯಿ ಹಿಂದೆ ತಿರುಗಿ ಸುಗರಾಳನ್ನು ಹುಡುಕಿದಳು. ಹತ್ತಿರ ಹೋದಾಗ ಮೆಲ್ಲಗೆ ಕೇಳಿದಳು, ಸಿಟ್ಟಿಲ್ಲದ ಧ್ವನಿಯಲ್ಲಿ:

‘ನನ್ನ ದುರ್ಗಾ ಯಾಕ ಕಾಯಾಕತ್ತಾಳ?’

‘ಕಾಗದದಾಗ ಜಾಗ ಕಡಿಮಿ ಬಿತ್ತು. ನಾನ ಒತ್ತಿದೆ. ತಪ್ಪು ನಂದು ಯವ್ವಾ.’

‘ನೀ ಮಾತ ಕೊಟ್ಟಿದ್ದಿ.’

‘ಕೊಟ್ಟಿದ್ದೆ.’

ಗೋಪಿಬಾಯಿ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಸುಗರಾ ಹಿಂದೆ ಹೋಗಲಿಲ್ಲ.

ಆಮೇಲೆ ಸುಗರಾ ಮಾಡಿದ್ದು ಇಷ್ಟು. ಹಳೆಯ ಅಂಕಿಗಳನ್ನು ವಾಪಸು ಹಾಕಿ ಐದು ಪುಟವನ್ನು ಸರಿಯಾಗಿ ತೆಗೆದಳು. ಪ್ರತಿಗಳನ್ನು ಚೀಲದಲ್ಲಿ ಹಾಕಿಕೊಂಡು, ಪುಸ್ತಕ ಹಂಚಿದ ಶಾಲೆಗಳಿಗೆ ರಜೆ ಸಿಕ್ಕಾಗ ಸಿಕ್ಕಾಗ ಹೋದಳು. ಹಳಿಯಾಳ, ಜೋಯಿಡಾ, ಕ್ಯಾಸಲ್‌ರಾಕ್‌ವರೆಗೂ. ಈ ಹಾಳೆಗಳನ್ನು ಪುಸ್ತಕದೊಳಗೆ ಅಂಟಿಸಿಕೊಳ್ಳಿ ಎಂದು ಕೈಮುಗಿದಳು. ಒಂದು ಕಡೆ ಹೆಡ್‌ಮಾಸ್ತರು, ‘ಸಮಿತಿ ಪುಸ್ತಕಕ್ಕ ಗೋಂದು ಹಚ್ಚಾಕ ನೀ ಯಾರವಾ? ಪತ್ರ ತಗೊಂಡು ಬಾ’ ಎಂದರು. ಇನ್ನೊಂದು ಕಡೆ ಕಪಾಟಿನ ಕೀಲಿ ಇದ್ದವರಿಗೆ ವರ್ಗವಾಗಿತ್ತು. ಮೂರು ಕಡೆ ಅಂಟಿಸಿದರು. ಪುಸ್ತಕ ಸಾವಿರ ಅಚ್ಚಾಗಿತ್ತು. ಅದನ್ನು ತೆಗೆದು ಹಾಡುವವರು ಯಾರು ಎಂದು ನೀವು ಕೇಳಬಹುದು. ಯಾರೂ ಇಲ್ಲ. ಸುಗರಾಳಿಗೂ ಅದು ಗೊತ್ತಿತ್ತು. ಆ ಚಳಿಗಾಲದಲ್ಲಿ ಅಮೀರಸಾಬ ತೀರಿಕೊಂಡ. ಮಣ್ಣು ಕೊಟ್ಟು ನಲವತ್ತು ದಿನ ಕಳೆದ ಮೇಲೆ ಆಕೆ ಒಂದು ಪ್ರತಿ ಹಿಡಿದು ತಾಂಡಾಕ್ಕೆ ಹೋದಳು.

ಗೋಪಿಬಾಯಿ ಅಂಗಳದಲ್ಲಿ ಕೂತು ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಸುಗರಾಳನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಸುಗರಾ ಹಾಳೆಗಳನ್ನು ಗೋಣಿತಾಟಿನ ಮೇಲೆ ಹರವಿದಳು.

‘ಯಾವುದು ಆಕಿದು?’

‘ಇದು. ಅದರ ಕೆಳಗ ನಿಂದು. ಆಮ್ಯಾಲ ಇಷ್ಟು ಜಾಗ ಬಿಟ್ಟೇನಿ ನೋಡು. ಮತ್ತ ಆಕಿ, ಮತ್ತ ನೀ.’

‘ಈಗ ಕಾಯೂದಿಲ್ಲಲಾ ಆಕಿ?’

‘ಇಲ್ಲ.’

‘ಹಂಗಾರ ಹಾಡು, ಕೇಳ್ತೇನಿ.’

ಸುಗರಾ ಹಿಂಜರಿದಳು. ‘ಮದುವಿ ಇಲ್ಲದ ಮನ್ಯಾಗ...’

‘ನಿನಗ ಹೆಣ್ಣುಮಕ್ಕಳು ಇಲ್ಲ ಹೌದಿಲ್ಲೋ? ನನಗೂ ಇಲ್ಲ ಈಗ. ಯಾರು ಹೋಗೂದು ಐತಿ? ಹಾಡು.’

ಸುಗರಾ ಹಾಡಿದಳು. ಜೀವಮಾನದಲ್ಲಿ ನಾಲ್ಕು ಜನರ ಮುಂದೆ ಬಾಯಿ ತೆರೆದವಳಲ್ಲ. ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ ದುರ್ಗಾಳ ಸಾಲು, ಎಲ್ಲಿ ಬಿಕ್ಕುತ್ತಾಳೆ, ಎಲ್ಲಿ ಉಸಿರು ಮುರಿಯುತ್ತದೆ, ಎಲ್ಲವೂ ಬಂತು. ಒಂದು ಪುಟ ಮುಗಿಯಿತು. ಗೋಪಿಬಾಯಿ ತೆನೆ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಳು.

‘ಹೌದು, ಆಕೀನ’ ಎಂದಳು. ‘ನಂದು ಎಲ್ಲಿ?’

‘ಅದನ್ನ ನಾ ಹೆಂಗ ಹಾಡ್ಲಿ ಯವ್ವಾ? ಇರೂದು ಒಂದ ಬಾಯಿ. ಆಕಿದು ಬಿಟ್ಟು ನಿಂದು ಹಾಡಬೇಕು, ನಿಂದು ಬಿಟ್ಟು ಆಕಿದು ಹಾಡಬೇಕು. ಕೂಡೇ ಆಗಬೇಕಂದ್ರ ನೀ ಹಾಡಬೇಕು.’

ಇಬ್ಬರೂ ಹಾಳೆ ನೋಡಿದರು. ಸಾಲು ಸರಿ ಇತ್ತು, ಜಾಗ ಸರಿ ಇತ್ತು. ಸುಗರಾ ಮತ್ತೆ ಮೊದಲಿನಿಂದ ದುರ್ಗಾಳ ಸಾಲು ತೆಗೆದುಕೊಂಡಳು, ಈ ಸಲ ನಿಧಾನಕ್ಕೆ, ತಾಯಿಯ ಧ್ವನಿ ಅರ್ಧ ಮಾತ್ರೆ ಮೊದಲು ಬಂದು ಸೇರಬೇಕಾದ ಜಾಗದವರೆಗೆ. ಗೋಪಿಬಾಯಿಯ ತುಟಿ ಅಲುಗಿತು. ಧ್ವನಿ ಹೊರಡಲಿಲ್ಲ. ಸುಗರಾ ಒಬ್ಬಳೇ ಆ ಜಾಗ ದಾಟಿ ಮುಂದೆ ಎರಡು ಸ್ವರ ಹೋಗಿ, ನಿಲ್ಲಿಸಿದಳು.

ಗೋಪಿಬಾಯಿ ಕೈಯಲ್ಲಿದ್ದ ತೆನೆಯ ಕಾಳು ಬಿಡಿಸಿ ಮುಗಿಸಿದಳು, ಇನ್ನೊಂದು ತೆಗೆದುಕೊಂಡಳು.

‘ನಿನ್ನ ಬಸ್ಸು ಎಷ್ಟಕ್ಕ?’ ಎಂದು ಕೇಳಿದಳು.

‘ಮೂರೂವರಿಗೆ.’

‘ಹಂಗಾರ ಏಳು. ಅದು ತಪ್ಪಿದ್ರ ಮತ್ತ ಸಂಜಿಗೇ.’